ಹೊನಲು ಬೆಳಕಿನ ದೇಣಿಗೆ

ದೀಪಾವಳಿ ಕಳೆದು ರಾಗಿ ಕೊಯ್ಲಿಗೆ ಬರುವ ಹೊತ್ತಿಗೆ ಹಾಸನ ಜಿಲ್ಲೆಯ ರಸ್ತೆ ಬದಿಗಳಲ್ಲಿ ಒಂದೇ ನಮೂನೆಯ ಫ್ಲೆಕ್ಸ್‌ಗಳು ಏಳುತ್ತವೆ. ಮೇಲೆ ಊರ ದೇವರು, ಕೆಳಗೆ ಕೈಮುಗಿದು ನಿಂತ ಮುಖಂಡರು, ನಡುವೆ ದಪ್ಪಕ್ಷರದಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’. ಮೊದಲ ಬಹುಮಾನದ ಮೊತ್ತದ ಪಕ್ಕದಲ್ಲೇ ಅದನ್ನು ಕೊಟ್ಟವರ ಹೆಸರು. ಎರಡನೆಯದಕ್ಕೆ ಇನ್ನೊಬ್ಬರು, ಆಕರ್ಷಕ ಟ್ರೋಫಿಗೆ ಮತ್ತೊಬ್ಬರು, ‘ತಂದೆಯವರ ಸ್ಮರಣಾರ್ಥ’. ಪ್ರವೇಶ ಶುಲ್ಕ ಇಷ್ಟು, ಬಂದ ತಂಡಗಳಿಗೆ ಊಟದ ವ್ಯವಸ್ಥೆ ಇದೆ, ಆಧಾರ್ ಕಾರ್ಡ್ ಕಡ್ಡಾಯ. ಈಚೆಗೆ ಮೂಲೆಯಲ್ಲೊಂದು ಕ್ಯೂಆರ್ ಕೋಡ್ ಕೂಡ ಸೇರಿದೆ. 2016ರಲ್ಲೇ ರಾಜ್ಯ ಸರ್ಕಾರ ಫ್ಲೆಕ್ಸ್ ನಿಷೇಧಿಸಿದೆ ಎಂಬುದು ಬೇರೆ ಮಾತು.

ಈ ಫ್ಲೆಕ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗದ ಹೆಸರು ಕಾಲೇಜಿನದು. ಆದರೆ ಅಂಕಣಕ್ಕೆ ಇಳಿಯುವ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಯಾವುದಾದರೊಂದು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇರುವವರೇ. ಊರಿನ ಜೆರ್ಸಿ ತೊಟ್ಟು ಆಡುವಾಗ ಅವರ ಹಿಂದೆ ಗೊಬ್ಬರದಂಗಡಿಯ ಹಣ ಇರುತ್ತದೆ, ಸಾವಿರಾರು ಜನರ ಶಿಳ್ಳೆ ಇರುತ್ತದೆ. ಅದೇ ಹುಡುಗ ಮಾರನೇ ವಾರ ಅಂತರಕಾಲೇಜು ಪಂದ್ಯಕ್ಕೆ ಹೊರಟರೆ ಬಸ್‌ಸ್ಟ್ಯಾಂಡಿನಲ್ಲಿ ಜೇಬು ತಡಕುತ್ತಾನೆ. ಆಟಕ್ಕೆ ಹಣ ಹಾಕುವವರು ನಮ್ಮಲ್ಲಿ ಇಲ್ಲವೆಂದು ಹೇಳುವವರು ಒಂದು ರಾತ್ರಿ ಇಂಥ ಪಂದ್ಯಾವಳಿಯಲ್ಲಿ ಕೂತು ಬರಬೇಕು. ದುಡ್ಡು ಇದೆ, ಅಭಿಮಾನಿಗಳೂ ಇದ್ದಾರೆ. ಎರಡೂ ಕಾಲೇಜಿನ ಕಾಂಪೌಂಡು ದಾಟಿ ಒಳಗೆ ಬರುತ್ತಿಲ್ಲ, ಅಷ್ಟೆ.

ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ ಕಾಲೇಜಿನ ತಂಡವೇ ಅಭಿಮಾನಿಗಳನ್ನು ಕರೆಯುತ್ತದೆ. ಭೋಜನಕೂಟ, ಗಾಲ್ಫ್ ಕೂಟ, ಹರಾಜು, ಹಳೇ ಆಟಗಾರರ ಜೊತೆ ಒಂದು ಸಂಜೆ ಎಂದು ವರ್ಷವಿಡೀ ಏನಾದರೊಂದು ನಡೆಸುತ್ತದೆ. ಇದರ ಒಂದು ಹಳೆಯ ಉದಾಹರಣೆ ನಮ್ಮ ಜಿಲ್ಲೆಯವರಿಗೆ ಕುತೂಹಲದ್ದು. ದಕ್ಷಿಣ ಕ್ಯಾರೊಲಿನಾ ರಾಜ್ಯದ ಕ್ಲೆಮ್ಸನ್ 1889ರಲ್ಲಿ ಹುಟ್ಟಿದ್ದು ಕೃಷಿ ಕಾಲೇಜಾಗಿ, ಸುತ್ತ ಇದ್ದದ್ದು ಹೊಲ. 1934ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ, ಅಲ್ಲಿನ ಹಳೇ ವಿದ್ಯಾರ್ಥಿಯಾಗಿದ್ದ ಡಾ. ರೂಪರ್ಟ್ ಫೈಕ್ ಒಂದು ಕೂಟ ಕಟ್ಟಿದರು. ‘ನಾನು ವರ್ಷಕ್ಕೆ ಹತ್ತು ಕೊಡುತ್ತೇನೆ’ ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳೇ ಅದರ ಹೆಸರು: ಐಪ್‌ಟೇ. ವರ್ಷಕ್ಕೆ ಹತ್ತು ಡಾಲರ್, ಅದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ. ಹತ್ತು ಡಾಲರ್ ಹೊಂದಿಸಲಾಗದವರು ಹಾಲು, ಸಿಹಿಗೆಣಸು ಕೊಟ್ಟು ಸದಸ್ಯರಾದ ಕತೆಯನ್ನು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಆ ಕೂಟ ಈಗಲೂ ಇದೆ. ಯಾರು ಎಷ್ಟು ಕೊಡುತ್ತಾರೆ ಎಂಬುದರ ಮೇಲೆ ಪಂದ್ಯದ ದಿನ ಅವರ ಕಾರು ಕ್ರೀಡಾಂಗಣಕ್ಕೆ ಎಷ್ಟು ಹತ್ತಿರ ನಿಲ್ಲಬಹುದು ಎನ್ನುವುದು ತೀರ್ಮಾನವಾಗುತ್ತದೆ. ಕಾರಿನ ಡಿಕ್ಕಿ ತೆರೆದು ಅಲ್ಲೇ ಒಲೆ ಹೂಡಿ ಸುಟ್ಟು ತಿನ್ನುವುದು, ಪಕ್ಕದವರಿಗೆ ಹಂಚುವುದು, ಆಮೇಲೆ ಆಟ ನೋಡುವುದು ಅಲ್ಲಿನ ಶನಿವಾರಗಳ ಜಾತ್ರೆ.

ಆಲೂಗಡ್ಡೆ ಬೆಳೆಯುವ ಹಾಸನದಲ್ಲಿ, ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ಒಯ್ಯುವ ಅರಕಲಗೂಡಿನಲ್ಲಿ, ಕೊಬ್ಬರಿ ದರ ನೋಡಿ ಮದುವೆ ದಿನ ಗೊತ್ತುಮಾಡುವ ಚನ್ನರಾಯಪಟ್ಟಣದಲ್ಲಿ ಇಂಥದ್ದು ಯಾಕೆ ಹುಟ್ಟಲಿಲ್ಲ? ಬಡತನ ಎಂಬ ಉತ್ತರ ಸಾಲದು. 1934ರ ಕ್ಲೆಮ್ಸನ್ನೇನೂ ಶ್ರೀಮಂತವಾಗಿರಲಿಲ್ಲ. ನಮ್ಮ ದೇಣಿಗೆ ಹುಟ್ಟುವ ರೀತಿಯಲ್ಲೇ ಉತ್ತರವಿದೆ. ಅದಕ್ಕೆ ರಸೀದಿ ಪುಸ್ತಕ ನೋಡಬೇಕು.

ಪಂದ್ಯಾವಳಿಗೆ ತಿಂಗಳಿರುವಾಗ ಐದಾರು ಹುಡುಗರು ಬೈಕಿನಲ್ಲಿ ಪಟ್ಟಣಕ್ಕೆ ಬರುತ್ತಾರೆ. ಪುಸ್ತಕದ ಮೊದಲ ಹಾಳೆಯಲ್ಲಿ ಆಗಲೇ ಒಂದು ದೊಡ್ಡ ಮೊತ್ತ ಇರಬೇಕು. ಊರಿನಲ್ಲಿ ಮಾತು ನಡೆಯುವ ಒಬ್ಬರ ಕೈಯಿಂದ ಬೋಣಿ ಮಾಡಿಸಿಕೊಂಡೇ ಹೊರಡುವುದು. ಖಾಲಿ ಪುಸ್ತಕ ಹಿಡಿದು ಹೋದರೆ ಐನೂರಾಒಂದರ ಮೇಲೆ ಯಾರೂ ಏಳುವುದಿಲ್ಲ. ಗೊಬ್ಬರದಂಗಡಿಯಲ್ಲಿ ಮಾತು ಹೀಗೆ ಸಾಗುತ್ತದೆ:

“ಅಣ್ಣ, ಈ ಸಲ ಮೂರನೇ ಬಹುಮಾನ ನಿಮ್ದೇ.”

“ಹೋದ್ ವರ್ಷ ಕೊಟ್ಟಿದ್ನಲ್ಲಪ್ಪ.”

“ಹೋದ್ ವರ್ಷ ನಾಕ್ನೇದು ಕಣಣ್ಣ. ಈ ಸಲ ಒಂದ್ ಮೆಟ್ಲು ಮೇಲೆ ಹಾಕಿದೀವಿ.”

“ಆ ಪೈಪಿನಂಗಡಿಯೋನು ಎಷ್ಟು ಬರ್ಸವ್ನೆ?”

ಪುಸ್ತಕದ ಹಾಳೆ ಹಿಂದಕ್ಕೆ ತಿರುವುತ್ತದೆ. ಪೈಪಿನಂಗಡಿಯವರದು ಎರಡು ಸಾವಿರದ ಒಂದು. ಯಜಮಾನರು ಐದು ಸಾವಿರದ ಒಂದು ಬರೆಸುತ್ತಾರೆ; ಅರ್ಧ ಈಗ, ಅರ್ಧ ಪಂದ್ಯದ ದಿನ. “ಮೈಕಲ್ಲಿ ಅಂಗಡಿ ಹೆಸರು ಸರಿಯಾಗಿ ಹೇಳ್ರಪ್ಪ, ಹೋದ್ ಸಲ ಏನೇನೋ ಹೇಳಿದ್ರಿ” ಎಂಬ ಷರತ್ತಿನೊಂದಿಗೆ.

ಐದು ಸಾವಿರ ಕೊಟ್ಟವರಿಗೆ ಕಬಡ್ಡಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅವರು ಕೊಟ್ಟದ್ದು ಕಬಡ್ಡಿಗಲ್ಲ, ಎದುರಿಗೆ ನಿಂತ ಹುಡುಗನಿಗೆ. ಅವನ ಅಪ್ಪ ಅದೇ ಅಂಗಡಿಯಲ್ಲಿ ಸಾಲಕ್ಕೆ ಯೂರಿಯಾ ಒಯ್ಯುತ್ತಾನೆ, ಅವನ ಊರಿನ ನಲವತ್ತು ಮನೆಯವರು ಅಲ್ಲಿಯ ಗಿರಾಕಿಗಳು. ಮದುವೆ ಮನೆಯ ಮುಯ್ಯಿ ಲೆಕ್ಕವೇ ಇದು: ಯಾರು ಎಷ್ಟು ಹಾಕಿದರು ಎಂಬುದು ನೋಟ್‌ಬುಕ್ಕಿನಲ್ಲಿ ಇರುತ್ತದೆ, ನಾಳೆ ಅವರ ಮನೆಯ ಕಾರ್ಯಕ್ಕೆ ಅದು ತಿರುಗಿ ಹೋಗಬೇಕು. ಕಾಲೇಜಿನ ತಂಡಕ್ಕೆ ಇಂಥ ನೋಟ್‌ಬುಕ್ ಇಲ್ಲ. ಪ್ರಿನ್ಸಿಪಾಲರು ಮೂರು ವರ್ಷಕ್ಕೆ ವರ್ಗವಾಗುತ್ತಾರೆ, ಹುಡುಗರು ಮೂರು ವರ್ಷಕ್ಕೆ ಪಾಸಾಗಿ ಹೋಗುತ್ತಾರೆ. ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಅಂಗಡಿಯವರಿಗೆ ಉತ್ತರ ಸಿಗುವುದಿಲ್ಲ.

ಇನ್ನು ಊಟ. ಅಮೆರಿಕದ ಕೂಟದಲ್ಲಿ ಊಟವೇ ವರಮಾನ. ಟಿಕೆಟ್ ಕೊಂಡು ಮೇಜಿಗೆ ಕೂರಬೇಕು. ಅದನ್ನು ಹೊಳೆನರಸೀಪುರದಲ್ಲಿ ಪ್ರಯತ್ನಿಸಿ ನೋಡಿ. ಕರೆದು ಊಟ ಹಾಕಿ ದುಡ್ಡು ಕೇಳಿದರೆ ಆ ಸಂಘದ ಹೆಸರು ಮೂರು ತಲೆಮಾರು ಉಳಿಯುತ್ತದೆ, ಒಳ್ಳೆಯ ಕಾರಣಕ್ಕಲ್ಲ. ನಮ್ಮಲ್ಲಿ ಊಟ ಖರ್ಚಿನ ಬಾಬ್ತು. ಮೊದಲು ದುಡ್ಡು ಎತ್ತಬೇಕು, ಆಮೇಲೆ ಬಂದ ತಂಡಕ್ಕೆ, ರೆಫ್ರಿಗಳಿಗೆ, ಶಾಮಿಯಾನದವನಿಗೆ, ನೋಡಲು ಬಂದು ಅಲ್ಲೇ ಉಳಿದವರಿಗೆ ಎಲ್ಲರಿಗೂ ಮುದ್ದೆ-ಸಾರು ಬಡಿಸಬೇಕು. ಎಷ್ಟೋ ಪಂದ್ಯಾವಳಿಗಳ ಲೆಕ್ಕ ಕೊನೆಗೆ ಕೈಕೊಡುವುದು ಬಾಡೂಟದ ಬಾಬ್ತಿನಲ್ಲೇ. ಜನರೇಟರ್ ಬಾಡಿಗೆ, ಮೈಕ್‌ಸೆಟ್, ಟ್ರೋಫಿ, ಬಹುಮಾನ ಕಳೆದು ಉಳಿದದ್ದು ಊಟಕ್ಕೆ ಸಾಲದೆ ಸಂಘದ ನಾಲ್ಕು ಹುಡುಗರು ಕೈಯಿಂದ ಹಾಕುತ್ತಾರೆ. ದೇಣಿಗೆ ಎತ್ತುವ ಕೂಟ ಎಂದು ಹೊರಟದ್ದು ದೇಣಿಗೆ ಕರಗಿಸುವ ಕೂಟವಾಗಿ ಮುಗಿಯುತ್ತದೆ, ಅದರಲ್ಲಿ ಯಾರಿಗೂ ಬೇಸರವಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ಇದೆ. ಫೈನಲ್ ಮುಗಿಯುವುದು ಹಾಲಿನ ಡೇರಿ ಬಾಗಿಲು ತೆಗೆಯುವ ಹೊತ್ತಿಗೆ.

ಹಾಗಾದರೆ ಟಿಕೆಟ್ ಮಾರಿ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವುದು ನಮಗೆ ಗೊತ್ತೇ ಇಲ್ಲವೆ? ಗೊತ್ತಿತ್ತು. ಅದು ಆಟದಲ್ಲಲ್ಲ, ನಾಟಕದಲ್ಲಿ. ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ‘ಸಹಾಯಾರ್ಥ ನಾಟಕ’ ಆಡಿಸುವುದು ಹಳೇ ಮೈಸೂರಿನ ಪಟ್ಟಣಗಳಲ್ಲಿ ಮಾಮೂಲಾಗಿತ್ತು. ವೃತ್ತಿ ಕಂಪನಿಗಳು ಒಂದು ಊರಿನಲ್ಲಿ ಕ್ಯಾಂಪು ಹಾಕಿದರೆ ಒಂದು ರಾತ್ರಿಯ ಕಲೆಕ್ಷನ್ ಇಂಥದ್ದಕ್ಕೆ ಬಿಟ್ಟುಕೊಡುತ್ತಿದ್ದವು. ಹಳ್ಳಿಯ ಪೌರಾಣಿಕ ನಾಟಕದ್ದು ಇನ್ನೊಂದು ಕ್ರಮ, ಇಂದಿಗೂ ಬದುಕಿದೆ: ಪಾತ್ರ ಮಾಡುವವನೇ ಹಣ ಕೊಡಬೇಕು. ‘ಕುರುಕ್ಷೇತ್ರ’ದಲ್ಲಿ ದುರ್ಯೋಧನ, ಕೃಷ್ಣನ ಪಾತ್ರಗಳಿಗೆ ಹೆಚ್ಚು ದರ, ದ್ವಾರಪಾಲಕನಾದರೆ ಅಗ್ಗ. ಆ ಹಣದಲ್ಲೇ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ವೇಷಭೂಷಣ ಎಲ್ಲ.

ಕಬಡ್ಡಿ ಪಂದ್ಯಾವಳಿ ಈ ನಾಟಕದ ಕ್ರಮವನ್ನೇ ಎತ್ತಿಕೊಂಡಿದೆ ಎಂದು ನನಗನ್ನಿಸುತ್ತದೆ. ಅಲ್ಲಿ ಪಾತ್ರ ಕೊಳ್ಳುವವರು ದಾನಿಗಳು. ಒಬ್ಬರು ದೀಪ ಬೆಳಗುತ್ತಾರೆ, ಒಬ್ಬರು ಟಾಸ್ ಹಾರಿಸುತ್ತಾರೆ, ಒಬ್ಬರು ಅಂಕಣಕ್ಕೆ ಇಳಿದು ಎರಡೂ ತಂಡಗಳ ಹದಿನಾಲ್ಕು ಹುಡುಗರ ಕೈ ಕುಲುಕುತ್ತಾರೆ, ಅವರ ಹಿಂದೆ ಮೊಬೈಲ್ ಹಿಡಿದ ಅಭಿಮಾನಿ. ಸೆಮಿಫೈನಲ್‌ಗೆ ಟಾಸ್ ಹಾಕುವುದಕ್ಕೂ ಲೀಗ್ ಪಂದ್ಯಕ್ಕೆ ಟಾಸ್ ಹಾಕುವುದಕ್ಕೂ ವ್ಯತ್ಯಾಸ ಇದೆ, ಮೊತ್ತದಲ್ಲೂ ಇದೆ. ಚುನಾವಣೆ ಹತ್ತಿರ ಬಂದ ವರ್ಷ ಪಾತ್ರಗಳಿಗೆ ಬೇಡಿಕೆ ಏರುತ್ತದೆ, ಪಂದ್ಯಾವಳಿಗಳೂ ಹೆಚ್ಚುತ್ತವೆ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಕ್ಲೆಮ್ಸನ್ನಿನ ಪಾರ್ಕಿಂಗ್ ಜಾಗಕ್ಕೂ ನಮ್ಮ ಟಾಸಿಗೂ ದೊಡ್ಡ ಅಂತರ ನನಗಂತೂ ಕಾಣುವುದಿಲ್ಲ.

ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುವವರು ಇರುವ ಆಟ ನೋಡಬೇಕೆಂದರೆ ಅರಕಲಗೂಡಿನ ಗಡಿ ದಾಟಬೇಕು, ಆಚೆ ಕೊಡಗು. ಅಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರ ಹೊತ್ತಿಗೆ 360 ತಂಡಗಳ ಗಿನ್ನೆಸ್ ದಾಖಲೆಗೆ ಬೆಳೆದಿತ್ತು. ಪ್ರತಿವರ್ಷ ಒಂದು ಕುಟುಂಬ ಆತಿಥ್ಯ ಹೊರುತ್ತದೆ, ಹಬ್ಬಕ್ಕೆ ಆ ಮನೆತನದ ಹೆಸರೇ ಬರುತ್ತದೆ. ಮುಂದಿನ ವರ್ಷ ಇನ್ನೊಂದು ಮನೆತನ. ಮನೆತನಕ್ಕೆ ವರ್ಗಾವಣೆ ಇಲ್ಲ, ಅದು ಮೂರು ವರ್ಷಕ್ಕೆ ಪಾಸಾಗಿ ಹೋಗುವುದೂ ಇಲ್ಲ.

ಈಗ ಕಾಲೇಜಿನೊಳಗೆ ಬರೋಣ. ಪ್ರವೇಶದ ವೇಳೆ ವಿದ್ಯಾರ್ಥಿ ಕಟ್ಟುವ ಶುಲ್ಕದಲ್ಲಿ ಕ್ರೀಡೆಗೆಂದು ಸಣ್ಣದೊಂದು ಬಾಬ್ತು ಇರುತ್ತದೆ, ಅದರಲ್ಲೂ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ವರ್ಷದ ಚೆಂಡು, ನೆಟ್ಟು, ಜೆರ್ಸಿ, ಪ್ರಯಾಣ ಭತ್ಯೆ, ದಿನಭತ್ಯೆ. ಕೊಟೇಶನ್, ಓಚರ್, ಆಡಿಟ್ ದಾಟಿ ಹಣ ಕೈಗೆ ಬರುವಾಗ ಪಂದ್ಯ ಮುಗಿದಿರುತ್ತದೆ. ಅಲ್ಲಿಯವರೆಗೆ ದೈಹಿಕ ಶಿಕ್ಷಣ ನಿರ್ದೇಶಕರು ಕೈಯಿಂದ ಹಾಕಿರುತ್ತಾರೆ. ಅವರಿಗಿರುವ ಇನ್ನೊಂದು ತಲೆನೋವು ಆ ಹೊನಲು ಬೆಳಕಿನದೇ. ಶನಿವಾರ ರಾತ್ರಿ ಮಣ್ಣಿನಂಕಣದಲ್ಲಿ ಆಡಿ ಮಂಡಿ ಉಳುಕಿಸಿಕೊಂಡ ರೈಡರ್, ಸೋಮವಾರ ಆಯ್ಕೆ ಟ್ರಯಲ್ಸ್‌ಗೆ ಕುಂಟುತ್ತಾ ಬರುತ್ತಾನೆ. ಬೈಯುವಂತಿಲ್ಲ. ಕಾಲಲ್ಲಿರುವ ಶೂ ಅವನು ಕೊಂಡದ್ದು ಆ ಶನಿವಾರಗಳ ಬಹುಮಾನದ ಪಾಲಿನಲ್ಲಿ. ಗೊಬ್ಬರದಂಗಡಿಯ ಐದು ಸಾವಿರದಲ್ಲಿ ಒಂದಿಷ್ಟು ಹೀಗೆ ಹಿಂಬಾಗಿಲಿನಿಂದ ಕಾಲೇಜು ತಂಡಕ್ಕೂ ಸೇರಿದೆ ಅನ್ನಿ.

ಅಭಿಮಾನಿಗಳು ಯಾಕೆ ಬರುವುದಿಲ್ಲ ಎಂಬುದಕ್ಕೆ ಕಾರಣ ಇನ್ನೂ ವಿಚಿತ್ರ. ಹಾಸನ ನಗರ ಒಂದರಲ್ಲೇ ನೋಡಿ. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ ಅಡಿ ಬರುತ್ತದೆ. ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿವಿಗೆ, ಕಾರೇಕೆರೆಯ ಕೃಷಿ ಕಾಲೇಜು ಕೃಷಿ ವಿವಿಗೆ, ಪಶುವೈದ್ಯಕೀಯ ಕಾಲೇಜು ದೂರದ ಬೀದರ್‌ನ ವಿವಿಗೆ. ಕಲಾ, ವಾಣಿಜ್ಯ, ವಿಜ್ಞಾನ ಕಾಲೇಜುಗಳದ್ದು ಇನ್ನೊಂದೇ ಮನೆ. ಅಧಿಕೃತ ಪಂದ್ಯಗಳು ನಡೆಯುವುದು ಆಯಾ ವಿವಿಯ ಒಳಗೆ. ಹಾಗಾಗಿ ಒಂದೇ ಊರಿನಲ್ಲಿ, ಒಂದೇ ಟೀ ಅಂಗಡಿಯಲ್ಲಿ ಟೀ ಕುಡಿಯುವ ಎಂಜಿನಿಯರಿಂಗ್ ಹುಡುಗರೂ ಕೃಷಿ ಕಾಲೇಜಿನ ಹುಡುಗರೂ ಅಧಿಕೃತವಾಗಿ ಎದುರಾಬದುರಾ ಆಡುವುದೇ ಇಲ್ಲ. ಪಶುವೈದ್ಯಕೀಯದವರು ಆಡಬೇಕಾದರೆ ಬೀದರ್, ಶಿವಮೊಗ್ಗದವರೊಂದಿಗೆ ಆಡಬೇಕು. ಬೀದರ್‌ನಲ್ಲಿ ಗೆದ್ದ ಪಂದ್ಯಕ್ಕೆ ಹಾಸನದ ಬಿ.ಎಂ. ರಸ್ತೆಯ ಹೋಟೆಲಿನವನು ಯಾಕೆ ದೇಣಿಗೆ ಕೊಟ್ಟಾನು? ಎದುರಾಳಿ ಪಕ್ಕದ ಬೀದಿಯವನಾದರೆ ತಾನೇ ಜಿದ್ದು. ಹೊನಲು ಬೆಳಕಿನ ಪಂದ್ಯಾವಳಿ ಬದುಕಿರುವುದೇ ಪಕ್ಕದ ಊರಿನ ಮೇಲಿನ ಜಿದ್ದಿನಿಂದ. ಅದಕ್ಕೇ ‘ಹೋಬಳಿ ಮಟ್ಟ’, ‘ತಂಡಕ್ಕೆ ಇಬ್ಬರೇ ಅತಿಥಿ ಆಟಗಾರರು’ ಎಂಬ ನಿಯಮ, ಅದಕ್ಕೇ ಆಧಾರ್ ಕಾರ್ಡು.

ಒಂದು ಅವಕಾಶ ಮಾತ್ರ ಅನಾಯಾಸವಾಗಿ ಒದಗಿದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿವಿಯ ತೆಕ್ಕೆಯಲ್ಲಿದ್ದ ಜಿಲ್ಲೆಯ ಪದವಿ ಕಾಲೇಜುಗಳಿಗೆ 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಬಂತು. ಮೈಸೂರಿನ ದೊಡ್ಡ ಕಾಲೇಜುಗಳ ಎದುರು ಸೋತು ಬರುತ್ತಿದ್ದ ತಂಡಗಳಿಗೆ ಈಗ ಚನ್ನರಾಯಪಟ್ಟಣ–ಹೊಳೆನರಸೀಪುರ, ಅರಕಲಗೂಡು–ಹಾಸನ ಎಂಬ ಜೋಡಿಗಳು ಸಾಧ್ಯ. ಎಲ್ಲ ಮೂವತ್ತು-ನಲವತ್ತು ಕಿಲೋಮೀಟರ್ ಒಳಗೆ, ಮಧ್ಯಾಹ್ನ ಹೊರಟು ಆಟ ನೋಡಿ ರಾತ್ರಿ ಊಟಕ್ಕೆ ಮನೆ ಸೇರುವಷ್ಟು ದೂರ. ಆದರೆ ಹೊಸ ವಿವಿಗಳನ್ನು ಮುಚ್ಚುವ ಮಾತು 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯಲ್ಲೇ ಎದ್ದಿತು, ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಜಿದ್ದು ಬೇರೂರಲು ಹತ್ತು-ಹದಿನೈದು ವರ್ಷವಾದರೂ ಒಂದೇ ಮನೆಯಲ್ಲಿ ಇರಬೇಕಾಗುತ್ತದೆ.

ಇಷ್ಟಾಗಿಯೂ ಒಬ್ಬ ಹಳೇ ವಿದ್ಯಾರ್ಥಿ ಸರ್ಕಾರಿ ಕಾಲೇಜಿನ ವಾಲಿಬಾಲ್ ತಂಡಕ್ಕೆ ಹತ್ತು ಸಾವಿರ ಕೊಡುತ್ತೇನೆ ಎಂದು ಬಂದ ಎಂದುಕೊಳ್ಳಿ. ಯಾವ ಖಾತೆಗೆ ಹಾಕುವುದು? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಎಂದಿರುತ್ತದೆ, ಅದರ ಅಧ್ಯಕ್ಷರು ಸಾಮಾನ್ಯವಾಗಿ ಕ್ಷೇತ್ರದ ಶಾಸಕರು. ನಮ್ಮ ಜಿಲ್ಲೆಯ ರಾಜಕೀಯ ಬಲ್ಲವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಆ ಪಕ್ಷದವನು ಈ ಪಕ್ಷದವರ ಸಮಿತಿಗೆ ಹಣ ಹಾಕುವುದು ಮನಸ್ಸಿಗೆ ಬರುವ ಮಾತಲ್ಲ. ಇನ್ನೊಂದು ದಾರಿ ಹಳೇ ವಿದ್ಯಾರ್ಥಿಗಳ ಸಂಘ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಅದಕ್ಕೆ ಅಂಕ ಇರುವುದರಿಂದ ಈಗ ಹೆಚ್ಚಿನ ಕಾಲೇಜುಗಳಲ್ಲಿ ಸಂಘ ಇದೆ, ನೋಂದಣಿಯೂ ಆಗಿದೆ. ನ್ಯಾಕ್ ತಂಡ ಬರುವ ವರ್ಷ ಸಭೆಯೂ ನಡೆಯುತ್ತದೆ, ಫೋಟೊ ತೆಗೆಸಿ ಫೈಲಿಗೆ ಹಾಕುತ್ತಾರೆ. ಆ ಸಂಘಕ್ಕೆ ಆದಾಯ ತೆರಿಗೆಯ 80ಜಿ ಮಾನ್ಯತೆ ಮಾಡಿಸಿಕೊಂಡರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ ಕೊಟ್ಟ ಮೊತ್ತದ ಅರ್ಧದಷ್ಟಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ, ಆದರೆ ಎರಡು ಸಾವಿರ ದಾಟಿದ ನಗದಿಗೆ ಅದು ಸಿಗದು. ಐದು ಸಾವಿರದ ಒಂದನ್ನು ನೋಟಿನಲ್ಲೇ ಎಣಿಸಿ ಕೊಡುವ ಸಂಸ್ಕೃತಿಗೆ ಚೆಕ್ಕು ಬರೆಸುವುದು ಸಲೀಸಲ್ಲ. ಈಗ ಫೋನಿನಲ್ಲೇ ಹಣ ಕಳಿಸುವ ಅಭ್ಯಾಸ ಬಂದಿರುವುದರಿಂದ ಆ ಗಂಟು ಸ್ವಲ್ಪ ಸಡಿಲವಾದೀತು. ಕಂಪನಿಗಳ ಹಣ ಮೂರನೇ ದಾರಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಇಡಬೇಕು, ಗ್ರಾಮೀಣ ಕ್ರೀಡಾ ತರಬೇತಿ ಅದರ ಪಟ್ಟಿಯಲ್ಲೇ ಇದೆ. ಆದರೆ ಕಂಪನಿಗೆ ಬೇಕಾದ್ದು ಯೋಜನಾ ವರದಿ, ಮೈಕಿನಲ್ಲಿ ಹೆಸರಲ್ಲ.

ಖಾಸಗಿ ಸಂಸ್ಥೆಗಳಿಗೆ ಈ ತಾಪತ್ರಯ ಕಡಿಮೆ. ಮೂಡುಬಿದಿರೆಯ ಆಳ್ವಾಸ್ ಕ್ರೀಡಾ ದತ್ತು ಯೋಜನೆಯಲ್ಲಿ ಆಟಗಾರರಿಗೆ ಓದು, ಊಟ, ವಸತಿ ಕೊಟ್ಟು ಸಾಕುತ್ತದೆ. ಘಟ್ಟದ ಮೇಲಿನ ಹುಡುಗ-ಹುಡುಗಿಯರಿಗೂ ಆ ದಾರಿ ಗೊತ್ತು. ಅದು ಒಬ್ಬ ಯಜಮಾನರ ದೃಢ ಮನಸ್ಸಿನಿಂದ ನಡೆಯುವ ಮಾದರಿ. ಊರಿನವರ ಚಂದಾದಿಂದ ನಡೆಯುವುದಲ್ಲ.

ಇಷ್ಟು ಹೊತ್ತು ಹುಡುಗ, ಹುಡುಗ ಎಂದೇ ಬರೆದುಕೊಂಡು ಬಂದೆ. ಹೊನಲು ಬೆಳಕಿನಲ್ಲಿ ಇರುವವರು ಅವರೇ. ರಾತ್ರಿ ಎರಡು ಗಂಟೆಗೆ ನಡೆಯುವ ಪಂದ್ಯಕ್ಕೆ, ಸಾವಿರ ಗಂಡಸರು ಕೂತ ಗ್ಯಾಲರಿಯ ಮುಂದೆ, ಯಾವ ತಂದೆತಾಯಿ ಮಗಳನ್ನು ಕಳಿಸುತ್ತಾರೆ? ಮಹಿಳೆಯರ ಪಂದ್ಯ ಇಟ್ಟರೂ ಅದು ಸಂಜೆಯ ಒಂದು ಪ್ರದರ್ಶನ ಪಂದ್ಯ, ಬಹುಮಾನ ಗಂಡಸರದ್ದರ ಅರ್ಧವೂ ಇರುವುದಿಲ್ಲ. ಹಾಗಾಗಿ ಊರಿನ ದೇಣಿಗೆಯ ಹಣ ಹಿಂಬಾಗಿಲಿನಿಂದ ಕೂಡ ಹುಡುಗಿಯರ ತಂಡಕ್ಕೆ ಹೆಚ್ಚೇನೂ ಸೇರದು. ಹೊಳೆನರಸೀಪುರದ ಸರ್ಕಾರಿ ಗೃಹವಿಜ್ಞಾನ ಮಹಿಳಾ ಕಾಲೇಜಿನಂಥ ಕಡೆ ಓದುವ ಹುಡುಗಿಗೆ ಕಬಡ್ಡಿ, ಥ್ರೋಬಾಲ್ ಆಡಲು ಸಿಗುವ ಜಾಗವೆಂದರೆ ಕಾಲೇಜು ಒಂದೇ. ಮೂರು ವರ್ಷ ಆಡುತ್ತಾಳೆ, ಅಲ್ಲಿಗೆ ಮುಗಿಯಿತು. ಕಾಲೇಜು ತಂಡಕ್ಕೆ ದೇಣಿಗೆ ಬರಬೇಕು ಎಂದು ನಾನು ಹೇಳುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಇದು. ಹುಡುಗರು ಹೇಗೋ ದಾರಿ ಮಾಡಿಕೊಂಡಿದ್ದಾರೆ.

ಅಮೆರಿಕದವರು ಈ ಸಮಸ್ಯೆಗೆ 1972ರಲ್ಲೇ ಕಾನೂನು ಮಾಡಿದರು. ಸರ್ಕಾರದ ನೆರವು ಪಡೆಯುವ ಕಾಲೇಜು ಗಂಡು-ಹೆಣ್ಣೆಂದು ಭೇದ ಮಾಡುವಂತಿಲ್ಲ ಎಂಬ ಟೈಟಲ್ ನೈನ್ ಕಾಯ್ದೆ ಆಟದಂಕಣಕ್ಕೂ ಅನ್ವಯ. ಅಭಿಮಾನಿಗಳು ಕೂಟ ಮಾಡಿ ಪುರುಷರ ತಂಡಕ್ಕೆಂದೇ ಹಣ ಕೊಟ್ಟರೂ, ಅದರಿಂದ ಸೌಲಭ್ಯದಲ್ಲಿ ಏರುಪೇರಾದರೆ ಮಹಿಳೆಯರ ತಂಡಕ್ಕೆ ಸರಿದೂಗಿಸುವ ಹೊಣೆ ಕಾಲೇಜಿನದು. ಹಾಗೆಂದು ಅಲ್ಲಿ ಎಲ್ಲ ಸರಿಹೋಗಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯಂತೆ ದೊಡ್ಡ ಕಾಲೇಜುಗಳು 2025–26ರ ಸಾಲಿನಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದಾಯಿತು. ಆ ಹಣದಲ್ಲಿ ಹುಡುಗಿಯರ ಪಾಲೆಷ್ಟು ಎಂಬ ಜಗಳ ಈಗ ಶುರುವಾಗಿದೆ.

ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆದರೆ ಕ್ರೀಡೆಯ ಹೆಸರೇ ಎತ್ತದೆ ಬಂದ ಒಂದು ಸರ್ಕಾರಿ ಯೋಜನೆ ಹುಡುಗಿಯರ ತಂಡಗಳ ದೊಡ್ಡ ಪ್ರಾಯೋಜಕನಾಗಿ ಕೂತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಚನ್ನರಾಯಪಟ್ಟಣದಿಂದ ಹಾಸನಕ್ಕೆ, ಅರಕಲಗೂಡಿನಿಂದ ಮೈಸೂರಿಗೆ ಹೋಗುವ ಹುಡುಗಿಯರ ತಂಡ ಕೆಂಪು ಬಸ್ಸಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್ ಪಡೆದು ಹೋಗುತ್ತದೆ. ವರ್ಷದ ಬಾಬ್ತಿನಲ್ಲಿ ಪ್ರಯಾಣದ ಖರ್ಚು ಅಷ್ಟರಮಟ್ಟಿಗೆ ಉಳಿಯಿತು. ಉಳಿದ ಹಣದಲ್ಲಿ ಮೊದಲು ಶೂ ಕೊಡಿಸುವುದೋ, ಕಬಡ್ಡಿ ಮ್ಯಾಟಿಗೆ ಕೂಡಿಡುವುದೋ ಎಂದು ದೈಹಿಕ ಶಿಕ್ಷಣ ನಿರ್ದೇಶಕರು ಲೆಕ್ಕ ಹಾಕಬಹುದು, ಆಡಿಟ್‌ನವರು ಒಪ್ಪಿದರೆ.